ನಮಾಜು ಬರದಿದ್ದರೂ ಬನ್ನಿ

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಚೀಲ ಹೊರುವ, ತೀನ್ ಕಂದೀಲ್ ಹತ್ತಿರ ಆಟೋ ನಿಲ್ಲಿಸಿಕೊಂಡು ಸವಾರಿಗೆ ಕಾಯುವ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡುವ, ದೇವದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವ ನನ್ನ ತಮ್ಮಂದಿರೇ, ಮಕ್ಕಳೇ,



ಶುಕ್ರವಾರ ನೀವು ಮಸೀದಿಗೆ ಬರುತ್ತೀರಿ. ಒಳಗೆ ಜಾಗ ಸಾಲದೆ ಅಂಗಳದಲ್ಲಿ, ಮೆಟ್ಟಿಲುಗಳ ಮೇಲೆ ಚಾಪೆ ಹಾಸಬೇಕಾಗುತ್ತದೆ. ಮರುದಿನ ನಸುಕಿನಲ್ಲಿ ಫಜರ್ ನಮಾಜಿಗೆ ಅದೇ ಮಸೀದಿಯಲ್ಲಿ ಒಂದು ಸಾಲು ತುಂಬಿದರೆ ಹೆಚ್ಚು. ಆ ಸಾಲಿನಲ್ಲಿರುವವರೂ ನನ್ನಂಥ ನರೆತ ಗಡ್ಡದವರೇ. ವಾರಕ್ಕೆ 35 ಹೊತ್ತಿನ ನಮಾಜು. ನೀವು ಬರುವುದು ಒಂದಕ್ಕೆ. ಉಳಿದ 34 ಎಲ್ಲಿ ಹೋದವಪ್ಪಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಟೈಮ್ ಸಿಗಂಗಿಲ್ರಿ ಸರ.’

ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇದರ ಹಿಂದೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಇನ್ನೊಂದು ಮಾತು ಇದೆ: ‘ನನಗೆ ನಮಾಜು ಸರಿಯಾಗಿ ಬರಂಗಿಲ್ಲ.’ ಎಷ್ಟು ರಕಾತ್, ಎಲ್ಲಿ ಏನು ಓದಬೇಕು, ಯಾವಾಗ ಏಳಬೇಕು, ಯಾವಾಗ ಕೂಡಬೇಕು ಎಂಬುದು ತಿಳಿಯದು. ಶುಕ್ರವಾರವಾದರೆ ಸಾವಿರ ಜನರ ನಡುವೆ ಪಕ್ಕದವನನ್ನು ನೋಡಿಕೊಂಡು ಬಾಗಬಹುದು. ಮಂಗಳವಾರದ ಅಸರ್‌ಗೆ ಹತ್ತೇ ಜನ ಇದ್ದಾಗ ತಪ್ಪು ಎದ್ದು ಕಾಣುತ್ತದೆ. ಆ ನಾಚಿಕೆಯನ್ನು ನಾನು ಹದಿನೆಂಟು ವರ್ಷ ಹೊತ್ತು ತಿರುಗಿದವನು. ಅದಕ್ಕೇ ಈ ಪತ್ರ.

ನಮ್ಮದು ದೇವದುರ್ಗ ತಾಲೂಕಿನ ಹಳ್ಳಿಯೊಂದರ ಪಿಂಜಾರ ಮನೆತನ. ಮನೆಮಾತು ಕನ್ನಡ. ಉರ್ದು ಅಂದರೆ ನಮಗೆ ಪಟ್ಟಣದವರ ಮಾತು, ಸಂತೆಗೆ ಹೋದಾಗ ಕಿವಿಗೆ ಬೀಳುವ ಮಾತು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಊರಿಗೆ ಊರೇ ಹೆಜ್ಜೆ ಹಾಕುತ್ತಿತ್ತು, ನಾವೂ ಹಾಕುತ್ತಿದ್ದೆವು. ನಮಾಜು ಮಾತ್ರ ವರ್ಷಕ್ಕೆರಡು ಈದಿಗೆ. ಕಲಿಸುವವರು ಇರಲಿಲ್ಲ, ಕಲಿಯಬೇಕೆಂದು ಅನ್ನಿಸಿದವರೂ ಕಡಿಮೆ. ಅಪ್ಪನೊಬ್ಬ ಬಿಡುತ್ತಿರಲಿಲ್ಲ. ಅವನಿಗೆ ಬರುತ್ತಿದ್ದುದು ಅಲ್‌ಹಮ್ದು ಮತ್ತು ಕುಲ್‌ಹುವಲ್ಲಾ, ಎರಡೇ ಸೂರಾ. ಬದುಕಿಡೀ ಆ ಎರಡರಲ್ಲೇ ನಮಾಜು ಮಾಡಿದ.

ಊರೂರು ತಿರುಗಿ ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅಪ್ಪನ ಕಸುಬು. ರಜೆಯಲ್ಲಿ ನಾನೂ ಬೆನ್ನಿಗೆ ಹೋಗುತ್ತಿದ್ದೆ. ಯಾರದೋ ಅಂಗಳದ ಬೇವಿನ ನೆರಳಲ್ಲಿ ಬಿಲ್ಲು ತೂಗುಹಾಕಿ ಹಿಂಜುತ್ತ ಕೂತರೆ ಅದರ ನರದ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಮಧ್ಯಾಹ್ನ ಆ ಸದ್ದು ಒಮ್ಮೆಲೇ ನಿಲ್ಲುತ್ತಿತ್ತು. ಜೊಹರಿನ ಹೊತ್ತಾಯಿತೆಂದು ನನಗೆ ಅದರಿಂದಲೇ ತಿಳಿಯುತ್ತಿತ್ತು. ಅಪ್ಪ ಟವೆಲ್ಲಿನಿಂದ ಹುಬ್ಬು, ಗಡ್ಡಕ್ಕೆ ಅಂಟಿದ ಅರಳೆ ಝಾಡಿಸಿಕೊಂಡು ಮನೆಯವರ ಹತ್ತಿರ ಒಂದು ತಂಬಿಗೆ ನೀರು ಕೇಳುತ್ತಿದ್ದ. ಒಂದೇ ತಂಬಿಗೆ. ಮುಂಗೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ಎರಡೂ ತೋಳು, ತಲೆಯ ಮೇಲೆ ಒದ್ದೆ ಕೈ, ಕೊನೆಗೆ ಕಾಲು. ಅಷ್ಟಾದರೂ ತಂಬಿಗೆಯ ತಳದಲ್ಲಿ ಎರಡು ಗುಟುಕು ಉಳಿದಿರುತ್ತಿತ್ತು. ಅದನ್ನು ಬೇವಿನ ಬುಡಕ್ಕೆ ಸುರಿದು, ಗೋಣಿತಟ್ಟು ಹಾಸಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ಆ ಮನೆಯ ಗೌಡಸಾನಿ ಒಳಗಿಂದ ಮೊಮ್ಮಕ್ಕಳನ್ನು ಗದರುತ್ತಿದ್ದುದು ಇವತ್ತಿಗೂ ನನ್ನ ಕಿವಿಯಲ್ಲಿದೆ: ‘ಸಾಬಣ್ಣ ನಮಾಜಿಗಿ ನಿಂತಾನ, ಗದ್ಲ ಮಾಡಬ್ಯಾಡ್ರಿ!’

ಪ್ರವಾದಿ ಮುಹಮ್ಮದರು (ಸ) ಒಂದು ‘ಮುದ್ದ್’ ನೀರಿನಲ್ಲಿ, ನಮ್ಮ ಲೆಕ್ಕದಲ್ಲಿ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ, ನಮಾಜಿಗೆ ಮುಂಚೆ ಹೀಗೆ ಕೈಕಾಲು ತೊಳೆಯುವ ವಜೂ ಮುಗಿಸುತ್ತಿದ್ದರೆಂದು ಹದೀಸ್ ಇದೆ. ಅಪ್ಪನಿಗೆ ಆ ಹದೀಸ್ ಗೊತ್ತಿರಲಿಲ್ಲ. ತಂಬಿಗೆ ಗೊತ್ತಿತ್ತು.

ಹೈಸ್ಕೂಲಿಗೆಂದು ನಾನು ಪಟ್ಟಣಕ್ಕೆ ಬಂದಾಗ ವಯಸ್ಸು ಹದಿಮೂರು. ಒಂದು ಸಂಜೆ ಅಪ್ಪನ ನೆನಪಾಗಿ ಒಂದು ಮಸೀದಿಗೆ ಹೋದೆ. ಮಗ್ರಿಬ್‌ನ ಫರ್ಜ್, ಅಂದರೆ ಕಡ್ಡಾಯ ನಮಾಜು, ಮೂರು ರಕಾತ್ ಎಂದು ತಿಳಿಯದು. ಎಲ್ಲರೂ ಕೂತು ಬಲಕ್ಕೆ ಎಡಕ್ಕೆ ಸಲಾಮು ಹೇಳುತ್ತಿದ್ದರೆ ನಾನು ನಾಲ್ಕನೆಯದಕ್ಕೆ ಎದ್ದು ನಿಂತಿದ್ದೆ. ಹಿರಿಯರೊಬ್ಬರು ಎಲ್ಲರ ಮುಂದೆ ಬೈದರು. ಮುಸಲ್ಮಾನರ ಮಗನಾಗಿ ಇಷ್ಟೂ ಬಾರದೇ, ನಿನ್ನಪ್ಪ ಏನು ಕಲಿಸಿದ್ದಾನೆ ಎಂದರು. ನನ್ನನ್ನು ಅಂದಿದ್ದರೆ ಸಹಿಸುತ್ತಿದ್ದೆನೇನೋ. ಅಪ್ಪನ ಮೇಲೆ ಹೋಯಿತು ಮಾತು. ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದವನು ಮುಂದೆ ಹದಿನೆಂಟು ವರ್ಷ ಈದು ಬಿಟ್ಟರೆ ಮಸೀದಿಯ ಮೆಟ್ಟಿಲು ತುಳಿಯಲಿಲ್ಲ.

ಬೈದವರು ಕೆಟ್ಟವರಾಗಿರಲಿಲ್ಲ. ಆದರೆ ಅವರು ಮಾಡಿದ್ದು ಪ್ರವಾದಿಯವರ ರೀತಿಯಲ್ಲ. ಮುಆವಿಯ ಬಿನ್ ಹಕಮ್ ಎಂಬವರ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿದೆ. ಹೊಸದಾಗಿ ಇಸ್ಲಾಮಿಗೆ ಬಂದವರು, ನಮಾಜಿನಲ್ಲಿ ಮಾತಾಡಬಾರದೆಂದು ತಿಳಿಯದು. ಸಾಲಿನಲ್ಲಿ ಯಾರೋ ಸೀನಿದಾಗ ಅವರಿಗೆ ಗಟ್ಟಿಯಾಗಿ ಒಳಿತು ಹಾರೈಸಿದರು. ಸುತ್ತಲಿನವರು ದುರುಗುಟ್ಟಿ ನೋಡಿದರು. ಗಾಬರಿಯಾಗಿ ಇವರು ಇನ್ನೂ ಮಾತಾಡಿದರು. ನಮಾಜು ಮುಗಿದ ಮೇಲೆ ಪ್ರವಾದಿಯವರು ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಜಿನಲ್ಲಿ ಮನುಷ್ಯರ ಮಾತು ಸಲ್ಲದು, ಅದು ದೇವರ ಸ್ತುತಿಗೆ, ಕುರ್‌ಆನ್ ಓದಿಗೆ ಮೀಸಲು ಎಂದು ತಿಳಿಸಿಕೊಟ್ಟರು, ಅಷ್ಟೇ. ಅಂಥ ಗುರುವನ್ನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ ಎಂದು ಆ ಮನುಷ್ಯ ನೆನೆಯುತ್ತಾರೆ. ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರುಗಳ ಮಸೀದಿ ಕಮಿಟಿಗಳ ಹಿರಿಯರು ಈ ಪತ್ರ ಓದಿದರೆ ಈ ಒಂದು ಪ್ರಸಂಗವನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಬಾಗಿಲಿಗೆ ಬಂದ ಹುಡುಗನ ಪ್ಯಾಂಟು, ಕೂದಲು, ಉಚ್ಚಾರ ಆಮೇಲೆ ನೋಡೋಣ. ಮೊದಲು ಅವನಿಗೆ ಸಾಲಿನಲ್ಲಿ ಜಾಗ ಬಿಡೋಣ.

ನಾನು ನಮಾಜಿಗೆ ಮರಳಿದ್ದು ಮಾನ್ವಿಯಲ್ಲಿ, ಮರಳಿಸಿದವರು ಒಬ್ಬ ವೈಷ್ಣವ ಮಾಸ್ತರರು. ಪ್ರಾಥಮಿಕ ಶಾಲೆಯಲ್ಲಿ ಇಬ್ಬರೂ ಒಟ್ಟಿಗೆ ಪಾಠ ಮಾಡುತ್ತಿದ್ದೆವು. ಜಗನ್ನಾಥದಾಸರು ನೆಲೆಸಿದ್ದ ಊರು ಮಾನ್ವಿ. ಅವರ ಹರಿಕಥಾಮೃತಸಾರ ಸಂಸ್ಕೃತದಲ್ಲಿದ್ದ ಕಠಿಣ ಸಿದ್ಧಾಂತವನ್ನು ಕನ್ನಡದ ಷಟ್ಪದಿಗೆ ಇಳಿಸಿದ ಕೃತಿ. ಆ ಮಾಸ್ತರರು ಅದರ ಯಾವ ಪದ್ಯ ಕೇಳಿದರೂ ಅರ್ಥ ಬಿಡಿಸಿ ಹೇಳುತ್ತಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಪ್ರೀತಿಯಿಂದಲೇ ಕೇಳಿದರು: ‘ನೀವು ನಮಾಜಿನಾಗ ಏನಂತೀರಿ ಸರ? ಅರ್ಥ ಹೇಳ್ರಿ ಸ್ವಲ್ಪ, ಕೇಳೋಣ.’ ನನ್ನ ಬಾಯಿ ಕಟ್ಟಿತು. ಅಲ್‌ಹಮ್ದು ಬಾಯಿಪಾಠ ಇತ್ತು, ಒಂದೇ ಒಂದು ಪದದ ಅರ್ಥ ಗೊತ್ತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮಂಗಳೂರಿನಿಂದ ಕುರ್‌ಆನಿನ ಕನ್ನಡ ಅನುವಾದ ಅಂಚೆಯಲ್ಲಿ ತರಿಸಿದೆ. ಮೂವತ್ತೊಂದರ ವಯಸ್ಸಿನಲ್ಲಿ ನಮಾಜು ಕಲಿಯಲು ಕೂತೆ, ಒಂದನೇ ಇಯತ್ತೆಯ ಹುಡುಗನ ಹಾಗೆ.

ಅರ್ಥ ತಿಳಿದ ಮೇಲೆ ಏನಾಯಿತು ಎಂಬುದನ್ನು ಸ್ವಲ್ಪ ಹೇಳುತ್ತೇನೆ. ಇದೇ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು.

ದಿನದ ಐದು ಹೊತ್ತಿನಲ್ಲಿ ಫರ್ಜ್ ರಕಾತುಗಳು 17: ಫಜರ್ ಎರಡು, ಜೊಹರ್ ನಾಲ್ಕು, ಅಸರ್ ನಾಲ್ಕು, ಮಗ್ರಿಬ್ ಮೂರು, ಇಶಾ ನಾಲ್ಕು. ಪ್ರತಿ ರಕಾತಿನಲ್ಲೂ ಅಲ್‌ಹಮ್ದು ಇದೆ, ಅಂದರೆ ಸೂರಾ ಫಾತಿಹಾ. ಅದು ಹೊಗಳಿಕೆಯಿಂದ ಶುರುವಾಗಿ ನಡುವೆ ನೇರ ದೇವರೆದುರು ನಿಂತು ಮಾತಾಡುವಂತೆ ತಿರುಗುತ್ತದೆ, ಕೊನೆಗೆ ನೆಟ್ಟಗಿನ ದಾರಿ ಬೇಡುತ್ತದೆ. ಆ ಬೇಡಿಕೆಯಲ್ಲಿ ‘ನಾನು’ ಇಲ್ಲ, ‘ನಾವು’ ಇದೆ. ಅಪ್ಪ ಆ ಬೇವಿನ ನೆರಳಲ್ಲಿ ಒಬ್ಬನೇ ನಿಂತಾಗಲೂ ‘ನಮಗೆ ದಾರಿ ತೋರು’ ಎಂದೇ ಕೇಳುತ್ತಿದ್ದ. ನನ್ನನ್ನೂ ಅವ್ವನನ್ನೂ ಸೇರಿಸಿಕೊಂಡು ಕೇಳುತ್ತಿದ್ದ. ಅವನಿಗೆ ಅರಬ್ಬಿ ತಿಳಿಯದಿದ್ದರೂ ಅವನ ಬಾಯಿಂದ ಬರುತ್ತಿದ್ದ ಮಾತು ಅದೇ. ಇದು ತಿಳಿದ ದಿನ ನಾನು ಅತ್ತೆ.

ರುಕೂದಲ್ಲಿ ಬಾಗಿದಾಗ ದೇವರನ್ನು ಮಹಾನ್ ಎನ್ನುತ್ತೇವೆ. ಸಜ್ದಾದಲ್ಲಿ ಹಣೆ ನೆಲಕ್ಕೆ ಮುಟ್ಟಿದಾಗ ‘ಎಲ್ಲಕ್ಕಿಂತ ಮೇಲಿನವನು’ ಎನ್ನುತ್ತೇವೆ. ನಾವು ಎಲ್ಲಕ್ಕಿಂತ ಕೆಳಗಿರುವ ಆ ಗಳಿಗೆಗೇ ಆ ಮಾತನ್ನು ಇಟ್ಟಿದ್ದಾರೆ. ದಿನವಿಡೀ ಸಾಹುಕಾರರ ಮುಂದೆ, ಮೇಸ್ತ್ರಿಯ ಮುಂದೆ, ಫೈನಾನ್ಸಿನವರ ಮುಂದೆ ತಲೆ ತಗ್ಗಿಸುವ ನಿಮಗೆ ಇದರ ಬೆಲೆ ನನಗಿಂತ ಚೆನ್ನಾಗಿ ತಿಳಿಯಬೇಕು. ಅಲ್ಲಿ ತಗ್ಗಿದ ತಲೆಗೆ ಅವಮಾನ ಅಂಟಿರುತ್ತದೆ. ಇಲ್ಲಿ ತಗ್ಗಿದ ತಲೆಗೆ ಅದು ಇಲ್ಲ, ಪಕ್ಕದಲ್ಲಿ ಸಾಹುಕಾರನೇ ಇದ್ದರೂ ಅವನ ಹಣೆಯೂ ನಿಮ್ಮ ಹಣೆಯ ಮಟ್ಟಕ್ಕೇ ಇರುತ್ತದೆ.

ಉಚ್ಚಾರ ತಪ್ಪುತ್ತದೆ ಎಂಬ ಅಂಜಿಕೆ ಬೇಡ. ಕುರ್‌ಆನಿನ ಏನೊಂದೂ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ಒಬ್ಬರು ಬಂದು ಹೇಳಿಕೊಂಡಾಗ ಪ್ರವಾದಿಯವರು ಅವರನ್ನು ಹಿಂದೆ ಕಳಿಸಲಿಲ್ಲ. ಸುಬ್ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹು ಅಕ್ಬರ್ ಎಂಬಂಥ ಸಣ್ಣ ಮಾತುಗಳನ್ನು ಕಲಿಸಿಕೊಟ್ಟರು. ಇವು ನಿಮಗೆಲ್ಲ ಬರುತ್ತವೆ. ಅಲ್ಲಿಂದ ಶುರು ಮಾಡಿ, ಉಳಿದದ್ದನ್ನು ದಿನಕ್ಕೊಂದು ಸಾಲು ಕಲಿಯಿರಿ.

ಇನ್ನು ಬಟ್ಟೆಯ ಮಾತು. ‘ಮೈಯೆಲ್ಲ ತೌಡು ಆಗೇದ್ರಿ, ಹೆಂಗ ಬರ್ಲಿ?’ ಎಂದು ಮಾನ್ವಿಯ ಗಿರಣಿ ಹುಡುಗನೊಬ್ಬ ನನ್ನನ್ನು ಕೇಳಿದ. ತೌಡು ಅಶುದ್ಧವಲ್ಲ ಮಗನೇ. ಗಂಜಿನ ಧೂಳು, ಹತ್ತಿಯ ಅರಳೆ, ಬೆವರು, ಯಾವುದೂ ನಮಾಜನ್ನು ಕೆಡಿಸುವುದಿಲ್ಲ. ಪೇಂಟಿನ ಕೆಲಸದವರು ಮಾತ್ರ ಕೈಗೆ ಅಂಟಿದ ಬಣ್ಣ ತೆಗೆಯಬೇಕು, ವಜೂವಿನ ನೀರು ಚರ್ಮಕ್ಕೆ ತಾಗಬೇಕಲ್ಲ. ಒಂದು ಅಂಗಿ ಬೇರೆ ಇಟ್ಟುಕೊಂಡರೆ ಒಳ್ಳೆಯದು, ಪಕ್ಕದಲ್ಲಿ ನಿಂತವರಿಗೂ ಹಿತ. ಇಲ್ಲದಿದ್ದರೆ ಝಾಡಿಸಿಕೊಂಡು ಬನ್ನಿ.

ವೇಳೆಯ ಮಾತಿಗೆ ಈಗ ಬರುತ್ತೇನೆ. ಈ ದೀನ್ ದುಡಿಯುವವನ ದಿನವನ್ನು ಎಷ್ಟು ಬಲ್ಲದು ನೋಡಿ. ನಮ್ಮ ರಾಯಚೂರಿನ ಮೇ ತಿಂಗಳ ಬಿಸಿಲು ನಿಮಗೆ ನಾನು ಹೇಳಬೇಕೇ? ಬಿಸಿಲು ಕಡುವಾದಾಗ ಜೊಹರ್ ನಮಾಜನ್ನು ತಂಪಾಗುವವರೆಗೆ ತಡಮಾಡಿ ಎಂದು ಹೇಳಿದವರು ಪ್ರವಾದಿಯವರೇ. ಜೊಹರಿನ ವೇಳೆ ಸೂರ್ಯ ನೆತ್ತಿಯಿಂದ ವಾಲಿದ ಕೂಡಲೇ ಮುಗಿದುಹೋಗುವುದಿಲ್ಲ, ಅಸರ್ ಆರಂಭವಾಗುವವರೆಗೂ ಇರುತ್ತದೆ. ಲಾರಿ ಖಾಲಿ ಮಾಡುವ ನಡುವೆ ಅಜಾನ್ ಆಯಿತೆಂದರೆ ನಮಾಜು ತಪ್ಪಿಹೋಯಿತು ಅಂತಲ್ಲ. ಲಾರಿ ಖಾಲಿ ಮಾಡಿ, ನೀರು ಕುಡಿದು, ಆಮೇಲೆ ನಿಲ್ಲಿ. ಜಮಾತಿನ ಪುಣ್ಯ ದೊಡ್ಡದು. ಅದು ಸಿಗದ ದಿನ ಗೋಣಿಚೀಲದ ಮೇಲೆ ಒಬ್ಬರೇ ನಿಂತು ಮಾಡಿದ್ದೂ ನಮಾಜೇ. ಇನ್ನೊಂದು ಮಾತು ಕೂಲಿಯವರಿಗೆ. ಮಾಲೀಕರು ಬಿಡುವು ಕೊಟ್ಟಾಗ ಫರ್ಜ್, ಸುನ್ನತ್ ಮುಗಿಸಿ ಕೆಲಸಕ್ಕೆ ಮರಳಿ. ಕಡ್ಡಾಯವಲ್ಲದ ನಫಿಲ್ ನಮಾಜನ್ನು ಮನೆಯಲ್ಲಿ ಮಾಡಿ. ಅವರು ಕೂಲಿ ಕೊಟ್ಟ ವೇಳೆಯನ್ನು ಕದ್ದು ಮಾಡಿದ ನಫಿಲ್ ನಿಮಗೂ ಒಳ್ಳೆಯದಲ್ಲ, ನಮಾಜಿನ ಹೆಸರಿಗೂ ಒಳ್ಳೆಯದಲ್ಲ.

ಗುಳೆ ಹೋಗುವ ದೇವದುರ್ಗದ ಮಕ್ಕಳಿಗೆ: ಬೆಂಗಳೂರು ನಿಮ್ಮೂರಿಂದ 400 ಕಿಲೋಮೀಟರಿಗೂ ಹೆಚ್ಚು. ನಮ್ಮ ಹನಫಿ ಪದ್ಧತಿಯಲ್ಲಿ ಸುಮಾರು 78 ಕಿಲೋಮೀಟರ್ ದಾಟುವ ಪ್ರಯಾಣಕ್ಕೆ ಹೊರಟವನು ಊರ ಗಡಿ ದಾಟಿದ ಮೇಲೆ ಮುಸಾಫಿರ. ಅವನಿಗೆ ನಾಲ್ಕು ರಕಾತಿನ ಫರ್ಜ್ ಎರಡೇ. ಹದಿನೈದು ದಿನ ಅಥವಾ ಹೆಚ್ಚು ಒಂದೆಡೆ ನಿಲ್ಲುವ ಇರಾದೆ ಇದ್ದರೆ ಅಲ್ಲಿ ಪೂರ್ತಿ ಮಾಡಬೇಕು. ರಾತ್ರಿ ಬಸ್ಸು ಹತ್ತುವ ಮೊದಲು ಇಶಾ ಮುಗಿಸಿ. ನಸುಕಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಫಜರಿಗೆ ಐದು ನಿಮಿಷ ಸಾಕು. ರಾಯಚೂರಿನಿಂದ ದೇವದುರ್ಗಕ್ಕೋ ಮಾನ್ವಿಗೋ ಹೋಗಿಬರುವವರಿಗೆ ಈ ರಿಯಾಯಿತಿ ಇಲ್ಲ, ಅಷ್ಟು ದೂರವಾಗುವುದಿಲ್ಲ. ಕಟ್ಟಡದ ಕೆಲಸದಲ್ಲಿ ಬೆನ್ನಿಗೆ ಪೆಟ್ಟಾದವರು ಕೂತು ಮಾಡಿ, ಕೂಡಲೂ ಆಗದವರು ಮಲಗಿದಲ್ಲೇ ಮಾಡಿ. ನೀರಿಲ್ಲದ ಜಾಗದಲ್ಲಿ ವಜೂವಿನ ಬದಲು ಮಣ್ಣಿನಿಂದ ತಯಮ್ಮುಮ್. ಇಷ್ಟೆಲ್ಲ ಸಡಿಲಿಕೆ ಇದೆ, ನಮಾಜು ಬಿಡುವುದಕ್ಕೆ ಮಾತ್ರ ಇಲ್ಲ. ಇದರಲ್ಲೇ ಅದರ ತೂಕ ತಿಳಿಯಿರಿ.

ರಾತ್ರಿ ಪಾಳಿಯವರು, ಫಜರಿಗೆ ಎಚ್ಚರವೇ ಆಗುವುದಿಲ್ಲ ಎನ್ನುವವರು ಬಿಲಾಲರ ಕತೆ ಕೇಳಿ. ಅಜಾನ್ ಕೂಗುತ್ತಿದ್ದ ಅದೇ ಬಿಲಾಲ್. ಖೈಬರಿನಿಂದ ಮರಳುವಾಗ ಒಂದು ರಾತ್ರಿ ಎಲ್ಲರೂ ದಣಿದು ಮಲಗಿದರು, ಎಬ್ಬಿಸುವ ಹೊಣೆ ಬಿಲಾಲರದು. ಅವರೂ ಒಂಟೆಗೆ ಒರಗಿದಲ್ಲೇ ನಿದ್ದೆಹೋದರು. ಬಿಸಿಲು ಮೈಗೆ ತಾಗಿದಾಗ ಎಚ್ಚರವಾಯಿತು. ಪ್ರವಾದಿಯವರು ಮೊದಲು ಎದ್ದರು. ಅಲ್ಲಿಂದ ಸ್ವಲ್ಪ ಮುಂದೆ ಸಾಗಿ, ವಜೂ ಮಾಡಿ, ಎಲ್ಲರೂ ಸೇರಿ ಫಜರ್ ಮಾಡಿದರು. ಮರೆತವರು, ನಿದ್ದೆಹೋದವರು ನೆನಪಾದ ಕೂಡಲೇ ಮಾಡಲಿ ಎಂಬ ನಿಯಮ ನಮಗೆ ಬಂದದ್ದು ಹೀಗೆ. ಹಾಗಾಗಿ ಹತ್ತು ಗಂಟೆಗೆ ಎದ್ದವರು ‘ಇವತ್ತಿಂದು ಹೋಯ್ತು’ ಎಂದು ಸಂಜೆಯವರೆಗೆ ಎಲ್ಲವನ್ನೂ ಕೈಬಿಡಬೇಡಿ. ಎದ್ದ ಗಳಿಗೆಗೆ ತಪ್ಪಿದ ಫಜರಿನ ಕಜಾ ಮಾಡಿ, ಜೊಹರಿಗೆ ಸಿದ್ಧರಾಗಿ.

ಈ ಫಜರ್ ಎಷ್ಟು ಹಳೆಯದು ನೋಡಿ. ರಾಯಚೂರಿನ ಹಳೇ ಊರಿನಲ್ಲಿರುವ ಏಕ್ ಮಿನಾರ್ ಮಸೀದಿಯನ್ನು ಆಟೋದವರು ದಿನಾ ನೋಡುತ್ತೀರಿ. ಸುಮಾರು 65 ಅಡಿಯ ಆ ಒಂಟಿ ಮಿನಾರು 1513ರ ಸುಮಾರಿನದು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ಅದಾಗಿ ಏಳು ವರ್ಷಕ್ಕೆ, 1520ರಲ್ಲಿ, ಈ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಆದಿಲಶಾಹಿಗೂ ದೊಡ್ಡ ಯುದ್ಧವಾಯಿತು. ಮೊಘಲರು ಬಂದರು, ನಿಜಾಮರು ಬಂದರು, 1948ರಲ್ಲಿ ನಿಜಾಮರ ಆಳ್ವಿಕೆಯೂ ಮುಗಿದು 1956ರಲ್ಲಿ ನಾವು ಕನ್ನಡನಾಡಿಗೆ ಸೇರಿದೆವು. ರಾಜ್ಯ ಯಾರದಾದರೂ ಫಜರಿನ ಹೊತ್ತು ಸೂರ್ಯನಿಗೆ ಕಟ್ಟುಬಿದ್ದದ್ದು. ಇವತ್ತಿಗೂ ಜೂನ್‌ನಲ್ಲಿ ನಾಲ್ಕೂಕಾಲರ ಮೇಲೆ, ಜನವರಿಯಲ್ಲಿ ಐದೂವರೆಗೆ ಶುರುವಾಗುತ್ತದೆ. ಸುಲ್ತಾನರು ಕಲ್ಲು ಕಟ್ಟಿಸಿದರು. ನಮಾಜನ್ನು ನಮ್ಮವರೆಗೆ ತಂದು ಮುಟ್ಟಿಸಿದವರು ಹತ್ತಿ ಹಿಂಜುವವರು, ಚೀಲ ಹೊರುವವರು, ಒಲೆಯ ಮುಂದಿಂದ ಎದ್ದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದ ನಮ್ಮ ಅವ್ವಂದಿರು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನಮಾಜು ಶುರು ಮಾಡಿದ ಮೇಲೆ ಅದನ್ನು ಹಣೆಯ ಗುರುತಾಗಿ ಮಾತ್ರ ಇಟ್ಟುಕೊಳ್ಳಬೇಡಿ. ನಮಾಜು ನಾಚಿಕೆಗೇಡು ಕೆಲಸದಿಂದ, ಕೆಡುಕಿನಿಂದ ತಡೆಯುತ್ತದೆ ಎಂದು ಕುರ್‌ಆನಿನ 29ನೇ ಅಧ್ಯಾಯ ಹೇಳುತ್ತದೆ. 107ನೇ ಅಧ್ಯಾಯ ಇನ್ನೂ ಖಾರವಾಗಿದೆ. ಅನಾಥನನ್ನು ದೂಡುವವನ, ತೋರಿಕೆಗೆ ನಮಾಜು ಮಾಡುವವನ, ನೆರೆಯವರಿಗೆ ದಿನಬಳಕೆಯ ಸಣ್ಣ ವಸ್ತು ಕೊಡಲೂ ಹಿಂಜರಿಯುವವನ ಮಾತು ಅಲ್ಲಿ ಒಟ್ಟಿಗೇ ಬರುತ್ತದೆ. ತೂಕದಲ್ಲಿ ಮೋಸ ಮಾಡಿದ ಕೈಯನ್ನು ತೊಳೆಯಲು ವಜೂವಿನ ನೀರು ಸಾಲದು. ಹಾಗೆಂದು, ನಾನಿನ್ನೂ ಅಷ್ಟು ಒಳ್ಳೆಯವನಾಗಿಲ್ಲ, ಆದಮೇಲೆ ನಮಾಜು ಶುರು ಮಾಡುತ್ತೇನೆ ಎಂದು ಕಾಯುವುದೂ ಸರಿಯಲ್ಲ. ಮನೆ ಮುಂದೆ ಹೊಳೆ ಹರಿಯುತ್ತಿದ್ದು ದಿನಕ್ಕೆ ಐದು ಸಲ ಅದರಲ್ಲಿ ಮಿಂದರೆ ಮೈಯಲ್ಲಿ ಕೊಳೆ ಉಳಿದೀತೇ ಎಂದು ಪ್ರವಾದಿಯವರು ಕೇಳಿದ್ದರು. ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವೆ ಬದುಕುವ ನಮಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. ಮೈ ಸ್ವಚ್ಛ ಮಾಡಿಕೊಂಡ ಮೇಲೆ ಹೊಳೆಗಿಳಿಯುತ್ತೇನೆ ಎನ್ನುವವರು ಯಾರಿದ್ದಾರೆ?

ಒಮ್ಮೆಗೇ ಐದೂ ಹೊತ್ತು ಹಿಡಿಯಲು ಆಗದಿದ್ದರೆ ಎಂದು ಕೇಳುವಿರಿ. ಐದೂ ಫರ್ಜೇ, ಒಂದು ಸಾಕು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಮಾಸ್ತರನಾಗಿ ಕಂಡಿದ್ದೇನೆ: ನಸುಕಿನಲ್ಲಿ ಎದ್ದ ದಿನ ಉಳಿದ ನಾಲ್ಕು ತಾವಾಗಿ ಬೆನ್ನಿಗೆ ಬರುತ್ತವೆ. ಅದರಿಂದ ಹಿಡಿಯಿರಿ.

ಅಪ್ಪನ ತಂಬಿಗೆ ಈಗ ನನ್ನ ಹತ್ತಿರ ಇದೆ. ದಿನಾ ಇಶಾ ಮುಗಿದ ಮೇಲೆ ಅರ್ಧ ತಾಸು ನಮ್ಮ ಓಣಿಯ ಮಸೀದಿಯ ಕೊನೆಯ ಸಾಲಿನಲ್ಲಿ, ವಜೂ ಮಾಡುವ ಜಾಗದ ಪಕ್ಕ ಕೂತಿರುತ್ತೇನೆ. ಬರದವರು ಬನ್ನಿ. ವಜೂ ಹೇಗೆ ಎಂಬಲ್ಲಿಂದ ಹಿಡಿದು ಸಲಾಮಿನವರೆಗೆ ಒಂದೊಂದೇ ಸಾಲು, ಅರ್ಥದೊಂದಿಗೆ, ಕನ್ನಡದಲ್ಲಿ ಹೇಳಿಕೊಡುತ್ತೇನೆ. ಮಾನ್ವಿ, ದೇವದುರ್ಗದಲ್ಲಿ ನಮಾಜು ಬಲ್ಲ ಹಿರಿಯರು ತಮ್ಮ ತಮ್ಮ ಮಸೀದಿಗಳಲ್ಲಿ ಹೀಗೆ ಅರ್ಧ ತಾಸು ಕೂಡಬೇಕೆಂದು ಬೇಡಿಕೊಳ್ಳುತ್ತೇನೆ. ಇಲ್ಲಿಗೆ ಬಂದವರನ್ನು ಯಾರೂ ಬೈಯುವುದಿಲ್ಲ.

ನಿಮ್ಮ
ನಿವೃತ್ತ ಮಾಸ್ತರ,
ರಾಯಚೂರು